ಪರದೆ ಅಗಲವಾದರೆ ಸಾಲದು, ತಾಳವೂ ಕೂಡಬೇಕು

ಹಿಂದಿನ ವರ್ಷ ಒಂದು ಮೂಟೆ ಚಾಲಿ ಅಡಿಕೆಯ ಹಣ ಕೊಟ್ಟು ಮಗನಿಗೊಂದು ಕಂಪ್ಯೂಟರ್ ಪರದೆ ತಂದೆವು. ಆರು ತಿಂಗಳೊಳಗೆ ಅದನ್ನು ಮೂರನೇ ಒಂದು ಪಾಲು ನಷ್ಟಕ್ಕೆ ಮಾರಿದೆವು. ತಪ್ಪು ಪರದೆಯದ್ದಲ್ಲ, ಕೇಳದೆ ಕೊಂಡ ನಮ್ಮದು. ಬದಿಯಡ್ಕ, ಪೆರ್ಲ, ಉಪ್ಪಳ, ಮಂಜೇಶ್ವರ ಕಡೆಯ ಮನೆಗಳಲ್ಲೂ ಹುಡುಗರು ಇಂಥದ್ದನ್ನು ಕೇಳುವ ಕಾಲ ಬಂದಿದೆ. ನಾವು ಕಟ್ಟಿದ ದಂಡವನ್ನು ಇನ್ನೊಬ್ಬರು ಕಟ್ಟುವುದು ಬೇಡ ಎಂದು ಇದನ್ನು ಬರೆಯುತ್ತಿದ್ದೇನೆ.

"ಆಟಕ್ಕೆ ಇಷ್ಟು ಹಣವಾ?" ಎಂದು ನಾನೂ ಕೇಳಿದವನೇ. "ಅಪ್ಪಾ, ಬರೇ ಆಟಕ್ಕಲ್ಲ. ಮದುವೆ ವಿಡಿಯೋ ಎಡಿಟ್ ಮಾಡ್ಲಿಕ್ಕೆ ಬೇಕು, ನಿಮ್ಮ ಬರವಣಿಗೆಗೂ ಆಗ್ತದೆ" ಎಂದ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳ ಭಯವೂ ನನಗಿತ್ತು. ಅಂಥವನ್ನು ನಿಷೇಧಿಸುವ ಕಾಯಿದೆಗೆ 2025ರ ಆಗಸ್ಟಿನಲ್ಲಿ ಸಂಸತ್ತು ಒಪ್ಪಿಗೆ ಕೊಟ್ಟಿತು. ಇ-ಸ್ಪೋರ್ಟ್ಸನ್ನು ಆ ಕಾಯಿದೆ ಬೇರೆಯಾಗಿಯೇ ಗುರುತಿಸಿದೆ. ಮಗನದ್ದು ಲಾರಿ ಓಡಿಸುವ, ಗದ್ದೆ ಉಳುವ ಆಟ. ಜೂಜು ಅಲ್ಲ ಎಂದು ಖಾತ್ರಿಯಾದ ಮೇಲೆ ಒಪ್ಪಿದೆ.

ಅಗಲ ಎಂದರೆ ಎಷ್ಟು?

ಸಾಮಾನ್ಯ ಮಾನಿಟರಿನ ಅಗಲ 16 ಪಾಲು, ಎತ್ತರ 9 ಪಾಲು. ಅಲ್ಟ್ರಾವೈಡಿನಲ್ಲಿ ಅಗಲ ಸುಮಾರು 21 ಪಾಲು, ಎತ್ತರ ಅದೇ 9. ಇಲ್ಲಿಯೇ ಮೊದಲ ಮೋಸ ಅಡಗಿದೆ. 34 ಇಂಚು ಎಂದೊಡನೆ ದೊಡ್ಡದು ಅನ್ನಿಸುತ್ತದೆ. ಇಂಚು ಅಳೆಯುವುದು ಮೂಲೆಯಿಂದ ಮೂಲೆಗೆ. 34 ಇಂಚಿನ ಅಲ್ಟ್ರಾವೈಡಿನ ಎತ್ತರ ಸುಮಾರು 33 ಸೆಂಟಿಮೀಟರ್, ಅಂದರೆ 27 ಇಂಚಿನ ಸಾದಾ ಮಾನಿಟರಿನಷ್ಟೇ. ಅಗಲ ಮಾತ್ರ 60 ಸೆಂ.ಮೀ. ಬದಲು 80 ಸೆಂ.ಮೀ. ನಾವು ಹೆಚ್ಚಿನ ಹಣ ಕೊಡುವುದು ಆ 20 ಸೆಂಟಿಮೀಟರಿಗೆ.

ಎರಡನೆಯದು ಚುಕ್ಕೆಗಳ ಲೆಕ್ಕ. ಅಲ್ಟ್ರಾವೈಡಿನಲ್ಲಿ ಎರಡು ಬಗೆ ಹೆಚ್ಚು ಸಿಗುತ್ತವೆ: 2560×1080 ಮತ್ತು 3440×1440. ಮೊದಲಿನದರಲ್ಲಿ 27 ಲಕ್ಷಕ್ಕೂ ಮಿಕ್ಕಿ ಚುಕ್ಕೆಗಳು, ಎರಡನೆಯದರಲ್ಲಿ ಸುಮಾರು 49.5 ಲಕ್ಷ. 29 ಇಂಚಿನ ಪರದೆಗೆ ಮೊದಲಿನದು ನಡೆಯುತ್ತದೆ. ಅದನ್ನೇ 34 ಇಂಚಿಗೆ ಎಳೆದರೆ ಇಂಚಿಗೆ 82 ಚುಕ್ಕೆ ಮಾತ್ರ ಸಿಗುತ್ತದೆ. ಇಂಗ್ಲಿಷ್ ಅಕ್ಷರ ಹೇಗೋ ತಡೆದುಕೊಳ್ಳುತ್ತದೆ. ಕನ್ನಡದ ಒತ್ತಕ್ಷರ, ತೆಲುಗಿನ ಒತ್ತು, ಮಲಯಾಳದ ಕೂಡಕ್ಷರ ಕಲಸಿಹೋಗುತ್ತವೆ. 34 ಇಂಚು ಬೇಕಿದ್ದರೆ 3440×1440ನ್ನೇ ಕೇಳಿ. ಅದರಲ್ಲಿ ಇಂಚಿಗೆ 110 ಚುಕ್ಕೆ ಸಿಗುತ್ತದೆ.

ಮದ್ದಳೆ ಮತ್ತು ಹೆಜ್ಜೆ

ಇನ್ನು ಅಡಾಪ್ಟಿವ್ ಸಿಂಕ್. ಈ ಮಾತು ಡಬ್ಬಿಯ ಮೇಲೆ ಇರುತ್ತದೆ, ಅಂಗಡಿಯವರ ಬಾಯಲ್ಲೂ ಇರುತ್ತದೆ. ಅರ್ಥ ಹೇಳುವವರು ಕಮ್ಮಿ.

60 ಹರ್ಟ್ಸ್ ಪರದೆ ಎಂದರೆ ಸೆಕೆಂಡಿಗೆ 60 ಸಲ ಚಿತ್ರ ಬದಲಿಸುವಂಥದ್ದು. ಗಡಿಯಾರದ ಹಾಗೆ, ನಿಲ್ಲುವುದಿಲ್ಲ. ಚಿತ್ರ ಬಿಡಿಸಿ ಕೊಡುವುದು ಕಂಪ್ಯೂಟರಿನ ಒಳಗಿರುವ ಗ್ರಾಫಿಕ್ಸ್ ಕಾರ್ಡ್. ಅದರ ವೇಗ ಒಂದೇ ಸಮ ಇರುವುದಿಲ್ಲ. ಬರೇ ರಸ್ತೆ ಇದ್ದಲ್ಲಿ ಸೆಕೆಂಡಿಗೆ 90 ಚಿತ್ರ ಕೊಡುತ್ತದೆ. ಪೇಟೆ, ಮಳೆ, ಜನ ಬಂದರೆ 45ಕ್ಕೆ ಇಳಿಯುತ್ತದೆ. ಪರದೆ ಅರ್ಧ ಚಿತ್ರ ತೋರಿಸುವಷ್ಟರಲ್ಲಿ ಕಾರ್ಡು ಹೊಸ ಚಿತ್ರ ತಂದಿಟ್ಟರೆ ಮೇಲರ್ಧ ಹಳತು, ಕೆಳಗರ್ಧ ಹೊಸತು. ನಡುವೆ ಪಂಚೆ ಹರಿದಂತೆ ಒಂದು ಗೆರೆ ಕಾಣುತ್ತದೆ. ಪರದೆ ಅಗಲವಾದಷ್ಟೂ ಆ ಗೆರೆ ಉದ್ದ. ಇದಕ್ಕೆ ಹಳೆಯ ಮದ್ದು ವಿ-ಸಿಂಕ್. ಅದರಲ್ಲಿ ಕಾರ್ಡು ಪರದೆಗಾಗಿ ಕಾಯುತ್ತದೆ. ಗೆರೆ ಹೋಗುತ್ತದೆ, ಆದರೆ ಕಾರ್ಡು ನಿಧಾನವಾದರೆ ಆಟ ಮುಗ್ಗರಿಸುತ್ತದೆ.

ಪಾರ್ತಿಸುಬ್ಬನ ಕುಂಬಳೆ ಸೀಮೆಯವರಿಗೆ ಮುಂದಿನದನ್ನು ಹೇಳುವುದು ಸುಲಭ. ಒಳ್ಳೆಯ ಮದ್ದಳೆಗಾರ ತನ್ನಷ್ಟಕ್ಕೆ ಬಾರಿಸುತ್ತಾ ಹೋಗುವುದಿಲ್ಲ, ವೇಷಧಾರಿಯ ಕಾಲು ನೋಡುತ್ತಾನೆ. ಹೆಜ್ಜೆ ಬಿದ್ದಲ್ಲಿ ಪೆಟ್ಟು. ಅಡಾಪ್ಟಿವ್ ಸಿಂಕ್ ಇರುವ ಪರದೆಯೂ ಹಾಗೆಯೇ. ಕಾರ್ಡು ಚಿತ್ರ ಕೊಟ್ಟಾಗ ತೋರಿಸುತ್ತದೆ, ತಡವಾದರೆ ಕಾಯುತ್ತದೆ.

ಎನ್‌ವಿಡಿಯಾ ಕಂಪನಿ 2013ರಲ್ಲಿ ಜಿ-ಸಿಂಕ್ ಎಂಬ ಹೆಸರಿನಲ್ಲಿ ಇದನ್ನು ತಂದಿತು. ಅದಕ್ಕೆ ಮಾನಿಟರಿನೊಳಗೆ ಬೇರೆಯೇ ಒಂದು ಭಾಗ ಬೇಕಿತ್ತು, ಬೆಲೆಯೂ ಹೆಚ್ಚು. 2014ರಲ್ಲಿ ವೆಸಾ ಸಂಸ್ಥೆ ಅಡಾಪ್ಟಿವ್ ಸಿಂಕನ್ನು ಡಿಸ್‌ಪ್ಲೇಪೋರ್ಟಿನ ನಿಯಮಕ್ಕೆ ಸೇರಿಸಿತು. ಎಎಂಡಿಯವರ ಫ್ರೀಸಿಂಕ್ ಮಾನಿಟರುಗಳು 2015ರಲ್ಲಿ ಬಂದವು. 2019ರ ಜನವರಿಯಿಂದ ಎನ್‌ವಿಡಿಯಾದ 10ನೇ ಸರಣಿ ಮತ್ತು ಅನಂತರದ ಕಾರ್ಡುಗಳೂ ಅಂಥ ಮಾನಿಟರಿಗೆ ಹೊಂದಿಕೊಳ್ಳುತ್ತವೆ. ಹಾಗಾಗಿ ಈಗ ಹೆಸರಿಗಾಗಿ ಹೆಚ್ಚು ಹಣ ಕೊಡುವ ಕಾರಣವಿಲ್ಲ.

ನಾವು ಎಡವಿದ್ದೆಲ್ಲಿ?

ಮದ್ದಳೆಗಾರನಿಗೂ ಒಂದು ಮಿತಿ ಉಂಟು. ಪರದೆ ಎಷ್ಟರಿಂದ ಎಷ್ಟರವರೆಗೆ ಹೊಂದಿಕೊಳ್ಳುತ್ತದೆ ಎಂಬ ಲೆಕ್ಕ ಪ್ರತಿ ಮಾದರಿಗೂ ಬೇರೆ. ನಮ್ಮದು 55ರಿಂದ 75 ಹರ್ಟ್ಸ್. ನಮ್ಮ ಹಳೆಯ ಕಾರ್ಡು ದೊಡ್ಡ ಆಟಗಳಲ್ಲಿ ಕೊಡುತ್ತಿದ್ದದ್ದು 40, 45 ಚಿತ್ರ. ಅಂದರೆ ಯಾವಾಗಲೂ ಮಿತಿಯ ಹೊರಗೆ. ಡಬ್ಬಿಯ ಮೇಲೆ ಅಡಾಪ್ಟಿವ್ ಸಿಂಕ್ ಇತ್ತು, ಕಣ್ಣೆದುರು ಗೆರೆಯೂ ಇತ್ತು. ಅದೂ 34 ಇಂಚಿಗೆ 2560×1080. ಅಂಗಡಿಯಲ್ಲಿ ಅಗಲ ನೋಡಿ ಮರುಳಾದೆವು, ಮಿತಿ ಕೇಳಲಿಲ್ಲ.

48ರಿಂದ 144 ಹರ್ಟ್ಸ್ ಮಿತಿಯದ್ದಾದರೆ ಕಥೆಯೇ ಬೇರೆ. ಚಿತ್ರಗಳು 40ಕ್ಕೆ ಇಳಿದರೆ ಪ್ರತಿ ಚಿತ್ರವನ್ನು ಎರಡೆರಡು ಸಲ ತೋರಿಸಿ, 80 ಹರ್ಟ್ಸ್ ಮಾಡಿ ತಾಳ ಉಳಿಸುವ ಉಪಾಯ ಅಲ್ಲಿ ಸಾಧ್ಯ. ಅದಕ್ಕೆ ಮೇಲಿನ ಸಂಖ್ಯೆ ಕೆಳಗಿನದರ ಎರಡು ಪಟ್ಟಾದರೂ ಬೇಕು, ಎರಡೂವರೆ ಪಟ್ಟಿದ್ದರೆ ನಿಶ್ಚಿಂತೆ. 75ಕ್ಕೆ 55 ಎಲ್ಲಿ ಸಾಕು?

ಎರಡನೇ ಸಲ ಅಪ್ಪ ಮಗ ಪಾಲು ಮಾಡಿಕೊಂಡೆವು. ಪರದೆ ನನ್ನದು, ಕಾರ್ಡು ಅವನ ಮದುವೆ ಸೀಸನ್ನಿನ ದುಡಿಮೆಯದ್ದು. ಇದು ಬರೇ ಮರ್ಯಾದೆಯ ಮಾತಲ್ಲ, ಲೆಕ್ಕದ ಮಾತೂ ಹೌದು. 1920×1080ರ ಪರದೆಗಿಂತ 3440×1440ಕ್ಕೆ ಕಾರ್ಡು ಸುಮಾರು 2.4 ಪಟ್ಟು ಚುಕ್ಕೆ ಬಿಡಿಸಬೇಕು. ಹಳೆಯ ಕಾರ್ಡು ಇಟ್ಟುಕೊಂಡು ಅಗಲದ ಪರದೆ ತಂದರೆ ಸಣ್ಣ ಪಂಪಿಗೆ ದೊಡ್ಡ ತೋಟ ಒಪ್ಪಿಸಿದ ಹಾಗೆ. ಇರುವ ಹಣವನ್ನು ಕಾರ್ಡಿಗೂ ಪರದೆಗೂ ಹಂಚಿಯೇ ಬಜೆಟ್ ಮಾಡಬೇಕು.

ಯಾರಿಗೆ ಬೇಡ?

ಪ್ಲೇಸ್ಟೇಷನ್ 5 ಮಾತ್ರ ಇರುವವರಿಗೆ ಅಲ್ಟ್ರಾವೈಡ್ ದಂಡ. ಅದು 16:9 ಚಿತ್ರವನ್ನೇ ಕೊಡುವುದರಿಂದ ಎರಡೂ ಬದಿ ಕಪ್ಪಾಗಿರುತ್ತದೆ. ವ್ಯಾಲರಂಟಿನಂಥ ಪಂದ್ಯದ ಆಟಗಳಲ್ಲೂ ಅಗಲದಿಂದ ಹೆಚ್ಚು ಜಾಗ ಕಾಣುವುದಿಲ್ಲ. ಲಾರಿ, ಕಾರು, ವಿಮಾನ, ಬೇಸಾಯದ ಆಟದವರಿಗೆ ಮಾತ್ರ ಅಗಲದ ಸುಖ ಪೂರಾ ಸಿಗುತ್ತದೆ. ಒಎಲ್‌ಇಡಿ ಪರದೆಯ ಬಣ್ಣ ಚಂದ. ಆದರೆ ದಿನವಿಡೀ ಒಂದೇ ಲೆಕ್ಕದ ಹಾಳೆ ತೆರೆದಿಡುವ ವ್ಯಾಪಾರಿಗೆ ಅದರಲ್ಲಿ ಅಚ್ಚು ಉಳಿಯುವ ಭಯ ಉಂಟು. ವಿಎ ಪರದೆಗಳಲ್ಲಿ ಕೆಲವು ಸಿಂಕ್ ಹಾಕಿದಾಗ ಕತ್ತಲೆ ದೃಶ್ಯದಲ್ಲಿ ಮಿಣುಕುತ್ತವೆ. ಅಂಗಡಿಯಲ್ಲೇ ಹಾಕಿಸಿ ನೋಡಿ.

ಗಡಿ ದಾಟಿ ಕೊಳ್ಳುವಾಗ

ನಮಗೆ ದೊಡ್ಡ ಅಂಗಡಿ ಎಂದರೆ ಮಂಗಳೂರು. 32 ಇಂಚಿಗಿಂತ ದೊಡ್ಡ ಮಾನಿಟರಿಗೆ ಮೊದಲು ಶೇ. 28 ಜಿಎಸ್‌ಟಿ ಇತ್ತು. 2025ರ ಸೆಪ್ಟೆಂಬರ್ 22ರಿಂದ ಅದು ಶೇ. 18. ಹಳೇ ಎಂಆರ್‌ಪಿ ತೋರಿಸಿದರೆ ಈ ತಾರೀಕು ನೆನಪಿಸಿ. ಕೇರಳದ ಜಿಎಸ್‌ಟಿ ನಂಬರಿರುವ ವ್ಯಾಪಾರಿಗಳು ಕರ್ನಾಟಕದ ಎಸ್‌ಜಿಎಸ್‌ಟಿ ಬಿಲ್ಲು ತಂದರೆ ತೆರಿಗೆ ಕ್ರೆಡಿಟ್ಟಿಗೆ ತೊಡಕು. ಹೊರಡುವ ಮೊದಲು ನಿಮ್ಮ ಲೆಕ್ಕದವರನ್ನು ಕೇಳಿ.

ಮನೆಗೆ ತಂದ ಮೇಲೆ ಕೇಬಲ್ ಮರೆಯಬೇಡಿ. ಹಳೆಯ ಎಚ್‌ಡಿಎಂಐ ಕೇಬಲಿನಲ್ಲಿ ಪೂರಾ ವೇಗ ಬಾರದೆ ಹೋಗಬಹುದು, ಡಿಸ್‌ಪ್ಲೇಪೋರ್ಟ್ ಕೇಬಲ್ ಹಾಕಿ. ಸಿಂಕನ್ನು ಮಾನಿಟರಿನ ಮೆನುವಿನಲ್ಲಿ ಮತ್ತು ಕಾರ್ಡಿನ ಸೆಟ್ಟಿಂಗಿನಲ್ಲಿ ಎರಡೂ ಕಡೆ ಆನ್ ಮಾಡಬೇಕು. ವಿಂಡೋಸಿನಲ್ಲಿ ಹರ್ಟ್ಸ್ 60ರಲ್ಲೇ ನಿಂತಿದೆಯೋ ಎಂದು ನೋಡಬೇಕು. ತುಲಾ ತಿಂಗಳ ಸಿಡಿಲು ಶುರುವಾದರೆ ಕರೆಂಟಿನ ಪ್ಲಗ್ಗು ಮಾತ್ರವಲ್ಲ, ಇಂಟರ್ನೆಟ್ಟಿನ ತಂತಿಯನ್ನೂ ಕಿತ್ತಿಡಿ. ವಾರಂಟಿ ಮುಗಿಯುವವರೆಗೆ ಡಬ್ಬಿ ಅಟ್ಟದಲ್ಲಿರಲಿ. ಅದಿಲ್ಲದೆ ಇಷ್ಟು ಅಗಲದ ಗಾಜನ್ನು ಬಸ್ಸಿನಲ್ಲಿ ರಿಪೇರಿಗೆ ಒಯ್ಯುವುದು ಆಗದ ಮಾತು.

ನನ್ನ ಮನೆಮಾತು ತೆಲುಗು, ಬರೆಯುವುದು ಎರಡರಲ್ಲೂ. ಈಗ ಹಗಲು ಎಡಗಡೆ ತೆಲುಗು, ಬಲಗಡೆ ಕನ್ನಡ ಇಟ್ಟುಕೊಂಡು ಒಂದನ್ನು ಇನ್ನೊಂದಕ್ಕೆ ತರುತ್ತೇನೆ. ನೆರೆಯವರ ಮಲಯಾಳದ ಕಚೇರಿ ಕಾಗದ ಬಂದರೆ ಅದರ ಪಕ್ಕದಲ್ಲೇ ಕನ್ನಡದ ಉತ್ತರ ತಯಾರಾಗುತ್ತದೆ. ರಾತ್ರಿ ಪರದೆ ಮಗನದ್ದು. 2024ರ ನವೆಂಬರಿನಲ್ಲಿ ಬಂದ ಫಾರ್ಮಿಂಗ್ ಸಿಮ್ಯುಲೇಟರ್ 25ರಲ್ಲಿ ಭತ್ತದ ಬೇಸಾಯವೂ ಉಂಟು. ನಮ್ಮ ಗದ್ದೆ ಅಡಿಕೆ ತೋಟವಾಗಿ ಎಷ್ಟೋ ವರ್ಷವಾಯಿತು. ಅವನು ನೇಜಿ ನೆಟ್ಟವನಲ್ಲ. ಮೊನ್ನೆ ನೀರು ನಿಂತ ಗದ್ದೆಯನ್ನು ಆ ಕೊನೆಯಿಂದ ಈ ಕೊನೆಯವರೆಗೆ ತೋರಿಸಿ, "ಅಪ್ಪಾ, ನೀರು ಇಷ್ಟು ಸಾಕಾ?" ಎಂದು ಕೇಳಿದ. ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತೆ.