ನಕ್ಷೆಯಲ್ಲಿ ಕಾಣದ ಮಳೆ

ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಈ ಲೆಕ್ಕ ಹಿಡಿದು ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಗೆ ಹೋದರೆ, ಸಾವಿರ ಚದರಡಿಯ ಸಾಧಾರಣ ಮಾಡೊಂದು ವರ್ಷಕ್ಕೆ ಆರೂವರೆ ಲಕ್ಷ ಲೀಟರ್ ನೀರನ್ನು ಹೊತ್ತು ಇಳಿಸಬೇಕು. ಅಲ್ಲಿನ ವಾರ್ಷಿಕ ಸರಾಸರಿ ಮಳೆ 7,000 ಮಿಲಿಮೀಟರ್ ದಾಟುತ್ತದೆ. ಹೊಸನಗರ ತಾಲ್ಲೂಕಿನ ಹುಲಿಕಲ್, ಮಾಸ್ತಿಕಟ್ಟೆಗಳೂ ಅದೇ ಸಾಲಿನವು. ಜುಲೈನಲ್ಲಿ ಒಂದೇ ದಿನ 200 ಮಿಲಿಮೀಟರ್ ಸುರಿದರೆ ಅಲ್ಲಿ ಯಾರೂ ಬೆರಗಾಗುವುದಿಲ್ಲ. ಆ ಒಂದು ದಿನವೇ ಅದೇ ಮಾಡಿನಿಂದ 18 ಸಾವಿರ ಲೀಟರಿಗೂ ಹೆಚ್ಚು ನೀರು ಅಂಗಳಕ್ಕೆ ಬೀಳುತ್ತದೆ.

ಅದು ಎಲ್ಲಿಗೆ ಹೋಗುತ್ತದೆ? ಮನೆ ಕಟ್ಟಲು ಹೊರಟವರ ಕೈಯಲ್ಲಿರುವ ನಕ್ಷೆಯಲ್ಲಿ ಈ ಪ್ರಶ್ನೆಗೆ ಉತ್ತರ ಸಿಗುವುದು ಅಪರೂಪ. ಈಶಾನ್ಯದಲ್ಲಿ ದೇವರ ಮನೆ, ಆಗ್ನೇಯದಲ್ಲಿ ಒಲೆ ಎಂಬುದು ಅಂಗುಲದ ಲೆಕ್ಕದಲ್ಲಿ ನಿಗದಿಯಾಗಿರುತ್ತದೆ. ಮುಂಭಾಗದ ಚಂದಕ್ಕೆ ಮೂರು ಬಗೆಯ ಚಿತ್ರ ಬಂದಿರುತ್ತವೆ. ಮಳೆ ಯಾವ ದಿಕ್ಕಿನಿಂದ ಹೊಡೆಯುತ್ತದೆ, ಹಿಂದಿನ ಗುಡ್ಡದ ನೀರು ಯಾವ ಬದಿಗೆ ಇಳಿಯುತ್ತದೆ ಎಂಬುದು ಮಾತ್ರ ಗೃಹಪ್ರವೇಶದ ನಂತರ, ಮೊದಲ ಆರಿದ್ರಾ ಮಳೆಯಲ್ಲಿ ಗೊತ್ತಾಗುತ್ತದೆ. ಮಲೆನಾಡಿನ ಹೊಸ ಮನೆಗಳ ತಾಪತ್ರಯಗಳಲ್ಲಿ ಬಹುಪಾಲಿಗೆ ಕಾರಣ ಇಷ್ಟೇ: ನಕ್ಷೆ ಬಯಲುಸೀಮೆಯದು, ಮಳೆ ಘಟ್ಟದ್ದು.

ಸಾಗರ, ಹೊಸನಗರ, ತೀರ್ಥಹಳ್ಳಿ ಎಂದರೆ ಮೂರಕ್ಕೂ ಒಂದೇ ಮಳೆಯಲ್ಲ ಎನ್ನುವುದೂ ನೆನಪಿರಬೇಕು. ಹೊಸನಗರ ತಾಲ್ಲೂಕೊಂದನ್ನೇ ತೆಗೆದುಕೊಂಡರೆ, ಪಶ್ಚಿಮದ ನಗರ, ಯಡೂರು ಕಡೆಯ ಮಳೆಗೂ ಪೂರ್ವದ ರಿಪ್ಪನ್‌ಪೇಟೆಯ ಮಳೆಗೂ ಅಜಗಜಾಂತರ. ರಿಪ್ಪನ್‌ಪೇಟೆಯಲ್ಲಿ ನಿಂತ ಮನೆಯನ್ನು ನೋಡಿ ಮೆಚ್ಚಿ, ಅದೇ ಅಳತೆಯಲ್ಲಿ ನಗರದ ಹತ್ತಿರ ಕಟ್ಟಿದರೆ ಪಶ್ಚಿಮದ ಗೋಡೆ ಒಂದೇ ಮಳೆಗಾಲಕ್ಕೆ ಕಪ್ಪಾಗುತ್ತದೆ.

ಮೊದಲು ಧರೆಯ ಮಾತು. ಈ ಭಾಗದಲ್ಲಿ ಸಮತಟ್ಟಾದ ಜಾಗವೆಲ್ಲ ಗದ್ದೆಗೆ, ಕಣಿವೆಯೆಲ್ಲ ಅಡಿಕೆ ತೋಟಕ್ಕೆ ಹೋಗಿ, ಮನೆಗೆ ಉಳಿಯುವುದು ಗುಡ್ಡದ ಬುಡ. ಹಿಂದೆ ಹಾರೆ, ಗುದ್ದಲಿಯಲ್ಲಿ ಕಡಿಯುವಾಗ ಮೈಕೈ ನೋವೇ ಒಂದು ಮಿತಿ ಹಾಕುತ್ತಿತ್ತು. ಈಗ ಜೆಸಿಬಿ ಬಂದು ಒಂದು ಹಗಲಿನಲ್ಲಿ ಇಪ್ಪತ್ತು ಅಡಿ ಧರೆಯನ್ನು ನೆಟ್ಟಗೆ ಕಡಿದು ಹೋಗುತ್ತದೆ. ಡಿಸೆಂಬರ್‌ನ ಬಿಸಿಲಿನಲ್ಲಿ ಆ ಧರೆ ಕಲ್ಲಿನಂತೆ ಗಟ್ಟಿಯಾಗಿ ಕಾಣುವುದೇ ಮೋಸ. ಮೇಲೆ ಜಂಬಿಟ್ಟಿಗೆಯ ಪದರ ಇರುತ್ತದೆ, ಅದರಲ್ಲಿ ನೀರು ಸಲೀಸಾಗಿ ಇಳಿಯುತ್ತದೆ. ಅನೇಕ ಕಡೆ ಅದರ ಕೆಳಗೆ ನುಣುಪಾದ ಶೇಡಿ ಮಣ್ಣು. ಇಳಿದ ನೀರು ಅಲ್ಲಿ ತಡೆದು, ಮಣ್ಣನ್ನು ನೆನೆಸಿ, ಮೇಲಿನ ಭಾರವೆಲ್ಲ ಜಾರಲು ದಾರಿ ಮಾಡುತ್ತದೆ. ಗುಡ್ಡದ ಕಾಲನ್ನೇ ಕಡಿದಿದ್ದರೆ ತಡೆಯುವುದಕ್ಕೆ ಏನೂ ಉಳಿದಿರುವುದಿಲ್ಲ.

2019ರ ಆಗಸ್ಟ್‌ನಲ್ಲಿ ತೀರ್ಥಹಳ್ಳಿ ತಾಲ್ಲೂಕಿನ ಹೆಗಲತ್ತಿಯಲ್ಲಿ ಗುಡ್ಡ ಜಾರಿ ತೋಟ, ಗದ್ದೆಗಳ ಮೇಲೆ ಮಣ್ಣು ಹರಡಿಕೊಂಡಿತು. ಅದಕ್ಕೆ ಒಂದು ವರ್ಷ ಮೊದಲು ಕೊಡಗಿನಲ್ಲಿ ನೂರಾರು ಮನೆಗಳು ಹೋದಾಗ, ಅತಿಮಳೆಯ ಜೊತೆಗೆ ಮನೆ, ರಸ್ತೆಗಳಿಗಾಗಿ ಇಳಿಜಾರನ್ನು ಕಡಿದದ್ದರ ಕಡೆಗೂ ಭೂವಿಜ್ಞಾನಿಗಳು ಬೊಟ್ಟು ಮಾಡಿದ್ದರು. ದೊಡ್ಡ ಕುಸಿತಗಳು ಸುದ್ದಿಯಾಗುತ್ತವೆ. ಅಡುಗೆಮನೆಯ ಹಿಂಗೋಡೆಗೆ ಧರೆಯ ಮಣ್ಣು ಬಂದು ಒರಗುವ ಸಣ್ಣ ಕುಸಿತಗಳು ಪ್ರತಿ ಮಳೆಗಾಲವೂ ಆಗುತ್ತಲೇ ಇರುತ್ತವೆ.

ಇದಕ್ಕೆ ಬೇಕಾದ ಜಾಗ್ರತೆ ದುಬಾರಿಯೇನಲ್ಲ, ಆದರೆ ಜೆಸಿಬಿ ಬರುವ ಮೊದಲೇ ಆಗಬೇಕು. ಧರೆ ಎಷ್ಟು ಎತ್ತರವೋ ಕನಿಷ್ಠ ಅಷ್ಟು ದೂರದಲ್ಲಿ ಹಿಂಗೋಡೆ ಇರಲಿ. ಒಂದೇ ಎತ್ತರಕ್ಕೆ ಕಡಿಯುವ ಬದಲು ಮೆಟ್ಟಿಲು ಮೆಟ್ಟಿಲಾಗಿ ಕಡಿಯಲಿ. ಧರೆಯ ನೆತ್ತಿಯ ಮೇಲೊಂದು ಬಸಿಗಾಲುವೆ ತೆಗೆದು ಗುಡ್ಡದ ನೀರನ್ನು ಪಕ್ಕಕ್ಕೆ ತಿರುಗಿಸಬೇಕು. ಅಡಿಕೆ ತೋಟದಲ್ಲಿ ಕಾಲುವೆ ಇಲ್ಲದಿದ್ದರೆ ಕೊಳೆ ಬರುತ್ತದೆಂದು ತಿಳಿದ ಮನೆತನಗಳೇ ಮನೆಯ ಹಿಂದಿನ ಕಾಲುವೆ ಮರೆಯುವುದು ಸೋಜಿಗ. ತಡೆಗೋಡೆ ಕಟ್ಟುವವರು ಅದರಲ್ಲಿ ನೀರು ಬಸಿಯಲು ಅಲ್ಲಲ್ಲಿ ಪೈಪಿನ ತೂತು ಬಿಡದಿದ್ದರೆ, ಹಿಂದೆ ಕಟ್ಟಿಕೊಂಡ ನೀರಿನ ಒತ್ತಡವೇ ಆ ಗೋಡೆಯನ್ನು ಮುಂದಕ್ಕೆ ನೂಕುತ್ತದೆ.

ಇನ್ನು ಮಾಡು. ಜರ್ಮನ್ ಮಿಷನರಿಗಳು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಆ ಹೆಂಚು ಘಟ್ಟ ಹತ್ತಿ ಮಲೆನಾಡಿನ ಮನೆಗಳನ್ನು ಹೊದೆಸಿತು. ಮಂಗಗಳ ಕಾಟ, ರೀಪು ತಿನ್ನುವ ಒರಲೆ, ವರ್ಷವರ್ಷ ಕೈಯಾಡಿಸುವವರು ಸಿಗದಿರುವುದು, ಎಲ್ಲ ಸೇರಿ ಹೆಂಚು ಹಿಂದೆ ಸರಿದು ಆರ್‌ಸಿಸಿ ತಾರಸಿ ಬಂತು. ಚಪ್ಪಟೆ ತಾರಸಿ ಎರಡು ಮೂರು ಮಳೆಗಾಲಕ್ಕೆ ಒಸರತೊಡಗಿದಾಗ ಅದರ ಮೇಲೆ ಕಬ್ಬಿಣದ ಚೌಕಟ್ಟು ಹಾಕಿ ಶೀಟು ಹೊದೆಸುವುದು ಈಗ ಮೂರೂ ತಾಲ್ಲೂಕುಗಳ ವಾಡಿಕೆ. ಅಂದರೆ ಒಂದು ಮನೆಗೆ ಎರಡು ಮಾಡಿನ ಖರ್ಚು. ಹೇಗೂ ಶೀಟು ಬರುತ್ತದೆಂದು ಮೊದಲೇ ತೀರ್ಮಾನಿಸಿದರೆ ಕಂಬದ ಕಬ್ಬಿಣವನ್ನು ಸ್ಲ್ಯಾಬಿನಲ್ಲೇ ಕೂರಿಸಬಹುದು. ಆಮೇಲೆ ತಾರಸಿಗೆ ರಂಧ್ರ ಕೊರೆದು ಬೋಲ್ಟು ಬಿಗಿದರೆ ನೀರಿಗೆ ಕೈಯಾರೆ ಬಾಗಿಲು ತೆರೆದುಕೊಟ್ಟಂತೆ. ಶೀಟಿನ ತಿರುಪಿನ ಅಡಿಯ ರಬ್ಬರ್ ಬಿಲ್ಲೆ ಬಿಸಿಲಿಗೆ ಒಣಗಿ ಸೀಳುವ ವಸ್ತು ಎಂಬುದೂ ಗೊತ್ತಿರಲಿ. ಅದನ್ನು ಬದಲಿಸಲು ಮೇಲೆ ಹತ್ತುವ ದಾರಿ ಬಿಟ್ಟಿರಬೇಕು.

ಮಾಡಿನ ಆಕಾರ ಸರಳವಿದ್ದಷ್ಟೂ ನೆಮ್ಮದಿ. ಎರಡು ಇಳಿಜಾರು ಕೂಡುವ ಒಳಮೂಲೆಯೇ ಮೊದಲು ಸೋರುವ ಜಾಗ. ಚಂದಕ್ಕೆಂದು ಮುಂಭಾಗದಲ್ಲಿ ಮೂರು ನಾಲ್ಕು ಪುಟ್ಟ ಮಾಡು ಕೂರಿಸಿದರೆ ಅಷ್ಟೂ ಒಳಮೂಲೆಗಳಲ್ಲಿ ತರಗೆಲೆ ಸಿಕ್ಕಿಕೊಳ್ಳುತ್ತದೆ. ಸೂರಿನ ಉದ್ದ ಇನ್ನೂ ಮುಖ್ಯ. ನೈರುತ್ಯ ಮಾರುತದ ಮಳೆ ನೆಟ್ಟಗೆ ಬೀಳುವುದಿಲ್ಲ, ಗಾಳಿಯೊಂದಿಗೆ ಎರಚಲಾಗಿ ಬರುತ್ತದೆ. ಒಂದೂವರೆ ಅಡಿ ಸಜ್ಜ ಇದಕ್ಕೆ ಏನೇನೂ ಸಾಲದು, ಮೂರಡಿಯಾದರೂ ಬೇಕು. ಸಜ್ಜದ ಅಡಿಭಾಗದ ಅಂಚಿನಲ್ಲಿ ಬೆರಳಗಲದ ಗೆರೆ ಕೊರೆಸಿದರೆ ನೀರು ಅಲ್ಲೇ ತೊಟ್ಟಿಕ್ಕಿ ಬೀಳುತ್ತದೆ, ಗೋಡೆಗೆ ಹರಿದು ಬರುವುದಿಲ್ಲ. ಗಾರೆಯವರಿಗೆ ಅರ್ಧ ದಿನದ ಕೆಲಸ, ಹೇಳದಿದ್ದರೆ ಯಾರೂ ಮಾಡುವುದಿಲ್ಲ.

ಹಳೆಯ ಕಟ್ಟಡಗಳನ್ನು ಒಮ್ಮೆ ನೋಡಿ ಬಂದರೆ ಈ ಮಾತು ಮನಸ್ಸಿಗೆ ಹತ್ತುತ್ತದೆ. ಸಾಗರದ ಬಳಿಯ ಕೆಳದಿಯಲ್ಲಿ ರಾಮೇಶ್ವರ ದೇಗುಲಕ್ಕೆ ಕೂಡ ಮರದ ಕಂಬ, ಹೆಂಚಿನ ಇಳಿಜಾರು ಮಾಡಿನ ಮುಂಭಾಗವಿದೆ. ಕುಪ್ಪಳಿಯ ಕವಿಮನೆ ಮೂರಂತಸ್ತಿನ ತೊಟ್ಟಿಮನೆ. ಈಗ ಸ್ಮಾರಕವಾಗಿರುವ ಅಲ್ಲಿಗೆ ಪ್ರವಾಸಿಗರು ಕುವೆಂಪು ಅವರ ವಸ್ತುಗಳನ್ನು ನೋಡಲು ಹೋಗುತ್ತಾರೆ. ಮನೆ ಕಟ್ಟುವ ಆಲೋಚನೆಯವರು ಗೋಡೆಯನ್ನೂ ಸೂರನ್ನೂ ನೋಡಬೇಕು. ಅಂಗಳದಿಂದ ಎಷ್ಟು ಮೇಲೆ ಜಗಲಿ ಇದೆ, ತೊಟ್ಟಿಗೆ ನಾಲ್ಕೂ ಕಡೆಯಿಂದ ಬೀಳುವ ನೀರಿಗೆ ಹೇಗೆ ಇಳಿಜಾರು ಕೊಟ್ಟಿದ್ದಾರೆ ಎಂದು ಗಮನಿಸಬೇಕು. ಸೂರಿನ ನೀರು ಅಂಗಳಕ್ಕೆ ಬಿದ್ದು ಸಿಡಿಯುತ್ತದೆ. ಪಂಚಾಂಗ ಎರಡಡಿಗಿಂತ ತಗ್ಗಿದ್ದರೆ ಆ ಕೆಸರು ಗೋಡೆಗೆ ರಾಚುತ್ತದೆ. ಪಂಚಾಂಗದ ಮೇಲೆ, ಗೋಡೆ ಏಳುವ ಮೊದಲು ತೇವ ತಡೆಯುವ ಪದರ ಹಾಕದೆ ಬಿಟ್ಟರಂತೂ ಜಂಬಿಟ್ಟಿಗೆ ಕೆಳಗಿನ ನೀರನ್ನು ಹೀರಿ ಮೇಲೆಳೆಯುತ್ತಲೇ ಇರುತ್ತದೆ. ಆಮೇಲೆ ಎಷ್ಟು ಬೆಲೆಯ ಬಣ್ಣ ಬಳಿದರೂ ಅದು ಹಪ್ಪಳವಾಗಿ ಏಳುವುದೇ.

ಮಳೆಗಾಲದ ನಾಲ್ಕು ತಿಂಗಳು ಬಟ್ಟೆ ಎಲ್ಲಿ ಒಣಗಬೇಕು? ಹಳೆಯ ಮನೆಯಲ್ಲಿ ಬಚ್ಚಲೊಲೆಯ ಬಿಸಿ ಇತ್ತು, ಅಟ್ಟ ಇತ್ತು. ಹೊಸ ಮನೆಯಲ್ಲಿ ಸೋಲಾರ್ ಹಂಡೆ ತಾರಸಿಯ ಮೇಲಿದೆ, ಜುಲೈನಲ್ಲಿ ಅದಕ್ಕೆ ಬಿಸಿಲಿಲ್ಲ. ಹಾಲಿನ ಕುರ್ಚಿಗಳ ಮೇಲೆ ಒದ್ದೆ ಬಟ್ಟೆ, ಕಪಾಟಿನೊಳಗೆ ಬೂಷ್ಟು ಹಿಡಿದ ರೇಷ್ಮೆ ಸೀರೆ. ಇದರ ಶ್ರಮವೆಲ್ಲ ಮನೆಯ ಹೆಂಗಸರದು, ನಕ್ಷೆ ಬರೆಸುವಾಗ ಅವರನ್ನು ಕೇಳುವವರು ಕಡಿಮೆ. ಸೌದೆ ಒಲೆಯಿರುವ ಬಚ್ಚಲು, ಅದಕ್ಕೆ ಅಂಟಿದಂತೆ ಗಾಳಿಯಾಡುವ ಒಂದು ಒಣಗಿಸುವ ಕೋಣೆ, ಸೌದೆ ನೆನೆಯದೆ ಉಳಿಯುವ ಮಾಡು, ಛತ್ರಿ ಮತ್ತು ರೈನ್‌ಕೋಟು ನೀರಿಳಿಸಲು ಜಗಲಿಯ ಮೂಲೆ: ಇಷ್ಟಕ್ಕೆ ನೂರು ಚದರಡಿ ಮೀಸಲಿಟ್ಟರೆ ಬದುಕು ಸುಧಾರಿಸುತ್ತದೆ. ಜಗಲಿಗೆ ನಯವಾದ ಟೈಲ್ಸ್ ಹಾಕುವುದಂತೂ ಬೇಡವೇ ಬೇಡ. ಎರಚಲು ಬಿದ್ದ ಟೈಲ್ಸಿನ ಮೇಲೆ ವಯಸ್ಸಾದವರು ಜಾರಿ ಸೊಂಟ ಮುರಿದುಕೊಳ್ಳುವುದು ಈ ಊರುಗಳಲ್ಲಿ ಹೊಸ ಸಂಗತಿಯಲ್ಲ.

ಶೌಚದ ಗುಂಡಿಯನ್ನು ಬೇಸಿಗೆಯಲ್ಲಿ ತೋಡುತ್ತಾರೆ. ಆಗ ಹತ್ತಡಿ ಆಳಕ್ಕೂ ಒಣ ಮಣ್ಣು. ಆಗಸ್ಟ್‌ನಲ್ಲಿ ಬಾವಿಯ ನೀರು ಕೈಗೆ ಸಿಗುವಷ್ಟು ಮೇಲೆ ಬಂದಾಗ ಇಂಗುಗುಂಡಿಯಲ್ಲೂ ನೀರು ಅಷ್ಟೇ ಮೇಲಿರುತ್ತದೆ. ಇಂಗಲು ಜಾಗವಿಲ್ಲದೆ ವಾಪಸು ಒತ್ತುತ್ತದೆ. ತೋಟದ ಅಂಚಿನ ತಗ್ಗಿನಲ್ಲಿರುವ ಮನೆಗಳಿಗೆ ಆಳದ ಗುಂಡಿಗಿಂತ ಎತ್ತರದಲ್ಲಿ, ಅಗಲಕ್ಕೆ ಹರಡಿದ ಇಂಗುಕಾಲುವೆ ವಾಸಿ. ಬಾವಿಯಿಂದ ಕನಿಷ್ಠ 60 ಅಡಿ ದೂರ, ಅದೂ ಬಾವಿಗಿಂತ ಕೆಳಮಟ್ಟದಲ್ಲಿ ಇರಬೇಕು. ಗುಡ್ಡದಿಂದ ಪೈಪಿನಲ್ಲಿ ಅಬ್ಬಿ ನೀರು ತರುವವರು ಮೇಲಿನ ಮನೆಯ ಗುಂಡಿ ಎಲ್ಲಿದೆ ಎಂದು ನೋಡಿಕೊಳ್ಳಬೇಕು.

ವಿದ್ಯುತ್ತಿನ ಅರ್ಥಿಂಗ್ ಇನ್ನೊಂದು ಕಡೆಗಣಿಸಿದ ವಿಷಯ. ಗುಡುಗು ಸಿಡಿಲು ಜೋರಾಗಿರುವುದು ಏಪ್ರಿಲ್, ಮೇ ತಿಂಗಳ ಮುಂಗಾರು ಪೂರ್ವದ ಮಳೆಯಲ್ಲಿ. ಜಂಬಿಟ್ಟಿಗೆ ನೆಲ ಪೂರ್ತಿ ಒಣಗಿರುವುದೂ ಆಗಲೇ. ಒಣ ನೆಲಕ್ಕೆ ವಿದ್ಯುತ್ ಸರಿಯಾಗಿ ಇಳಿಯುವುದಿಲ್ಲ. ಬಚ್ಚಲ ನೀರು ಹರಿದು ಹೋಗುವ ಬಾಳೆಗಿಡದ ಬುಡದ ಹತ್ತಿರ ಅರ್ಥಿಂಗ್ ಗುಂಡಿ ಮಾಡಿಸಿದರೆ ವರ್ಷವಿಡೀ ತೇವ ಇರುತ್ತದೆ.

ಕಾಗದಪತ್ರದ ಬಗ್ಗೆ ಚಿಕ್ಕದಾಗಿ ಹೇಳಬಹುದು, ಆದರೆ ಪೆಟ್ಟು ಚಿಕ್ಕದಲ್ಲ. ಅಡಿಕೆ ತೋಟಕ್ಕೆ ಸೊಪ್ಪು ತರಲೆಂದು ಬಿಟ್ಟ ಸೊಪ್ಪಿನಬೆಟ್ಟ ತೋಟದವರ ಅನುಭವದಲ್ಲಿರುತ್ತದೆಯೇ ಹೊರತು ಮನೆ ಕಟ್ಟುವ ಸ್ವಂತ ಜಾಗವಲ್ಲ. ಕೃಷಿ ಜಮೀನಾದರೆ ಭೂಪರಿವರ್ತನೆ, ಪಂಚಾಯಿತಿ ವ್ಯಾಪ್ತಿಯಲ್ಲಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11 ಕೈಯಲ್ಲಿರಬೇಕು. ಪಾಯ ತೆಗೆದ ಮೇಲೆ ಬ್ಯಾಂಕ್ ಇವನ್ನು ಕೇಳಿದಾಗ ಓಡಾಟ ಶುರುವಾದರೆ ಕೆಲಸದ ಋತುವೇ ಕಳೆದುಹೋಗುತ್ತದೆ.

ಕೊನೆಯ ಬಣ್ಣಕ್ಕೆ ಅವಸರ ಬೇಡ ಎನ್ನುತ್ತಾರೆ ಅನುಭವಿ ಗಾರೆಯವರು. ಮೊದಲ ಮಳೆಗಾಲಕ್ಕೆ ಬಿಳಿ ಸುಣ್ಣವೊಂದನ್ನೇ ಬಳಿದು, ಆಶ್ಲೇಷಾ ಮಳೆಯ ಹೊತ್ತಿಗೆ ಸೀಸದ ಕಡ್ಡಿ ಹಿಡಿದು ಮನೆಯೆಲ್ಲ ಸುತ್ತಿ, ತೇವ ಒಸರಿದ ಪ್ರತಿ ಜಾಗಕ್ಕೂ ಗೋಡೆಯ ಮೇಲೇ ಗುರುತು ಹಾಕಿಡಬೇಕು. ಗೋಡೆ ಒಣಗಿದ ಮೇಲೆ ಆ ಗುರುತು ತೋರಿಸಿ ರಿಪೇರಿ ಮಾಡಿಸಿ, ಬಣ್ಣವನ್ನು ಫೆಬ್ರವರಿಯಲ್ಲಿ ಹೊಡೆಸಿದರೆ ಸಾಕು.