ಸಾಲವಲ್ಲ, ಚಿಲ್ಲರೆ

ಎಂಟು ವರ್ಷದ ಮಗಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಓದಿಸುತ್ತಿದ್ದೇವೆ ಎಂದಾಗ ಪುಣೆಯ ನಮ್ಮ ಕನ್ನಡ ಬಳಗದಲ್ಲಿ ಮೊದಲು ಬರುವ ಪ್ರಶ್ನೆ, ‘ಗಣಿತ ಹ್ಯಾಂಗ ಮಾಡ್ತೀರಿ?’ ನ್ಯಾಯವಾದ ಪ್ರಶ್ನೆಯೇ. ಬೆಳಗಿನ ಪ್ರಾರ್ಥನೆ, ಬೈಬಲ್ ಪಾಠ, ಕಥೆ, ಗಿಡಮರಗಳ ಪರಿಚಯ ಇವೆಲ್ಲ ನನ್ನ ಹೆಂಡತಿಯ ಕೈಯಲ್ಲಿ ಸಲೀಸಾಗಿ ಸಾಗುತ್ತವೆ. ಗಣಿತದಲ್ಲಿ ಹಾಗಲ್ಲ. ಮಗು ಎಲ್ಲಿ ಹಿಂದೆ ಬಿತ್ತು ಎಂದು ಹೇಳಲು ಪಕ್ಕದ ಬೆಂಚಿನ ಮಕ್ಕಳಿಲ್ಲ, ಯೂನಿಟ್ ಟೆಸ್ಟ್ ಇಲ್ಲ. 14 ವರ್ಷ ತುಂಬಿದ ಮೇಲೆ ಎನ್‌ಐಒಎಸ್‌ನಲ್ಲಿ ಹತ್ತನೇ ತರಗತಿ ಪರೀಕ್ಷೆ ಬರೆಸಬೇಕೆಂದಿದ್ದೇವೆ. ಅಷ್ಟರೊಳಗೆ ಬುನಾದಿ ಕುಸಿದರೆ ದೂರಲು ಬೇರೆ ಯಾರೂ ಇಲ್ಲ.

ಸಂಜೆ ಆಫೀಸ್ ಮುಗಿಸಿ ಗಣಿತಕ್ಕೆ ಕೂರುವವನು ನಾನು. ಕಳೆದ ಮಳೆಗಾಲದಲ್ಲಿ 52ರಲ್ಲಿ 27 ಕಳೆ ಎಂದರೆ ಮಗಳು 35 ಎಂದು ಬರೆಯುತ್ತಿದ್ದಳು. ಏಳರಲ್ಲಿ ಎರಡು ಹೋದರೆ ಐದು, ಐದರಲ್ಲಿ ಎರಡು ಹೋದರೆ ಮೂರು. ದೊಡ್ಡದರಲ್ಲಿ ಚಿಕ್ಕದನ್ನು ಕಳೆಯಬೇಕು ಎಂಬ ನಿಯಮವನ್ನು ಅವಳು ಪ್ರಾಮಾಣಿಕವಾಗಿ ಪಾಲಿಸುತ್ತಿದ್ದಳು, ಅಷ್ಟೇ. ಕಾರ್ಯಕ್ರಮ ಬರೆಯುವ ನಮ್ಮಂಥವರಿಗೆ ಇದು ಗೊತ್ತಿರಬೇಕು: ತಪ್ಪು ಉತ್ತರದ ಹಿಂದೆಯೂ ಒಂದು ತರ್ಕ ಇರುತ್ತದೆ.

ನಮ್ಮ ಕಾಲದಲ್ಲಿ ಇದಕ್ಕೆ ಒಂದೇ ಮಂತ್ರ, ‘ಪಕ್ಕದ ಮನೆಯಿಂದ ಸಾಲ ತಗೋ’. ಯಾವ ಮನೆ, ಯಾವ ಸಾಲ, ಒಂದು ಕೇಳಿದರೆ ಹತ್ತು ಹೇಗೆ ಬಂತು, ಯಾವಾಗ ತೀರಿಸಬೇಕು, ಯಾರೂ ಹೇಳಲಿಲ್ಲ. ನಾನು ಪುಸ್ತಕ ಮುಚ್ಚಿ, ಐಸ್‌ಕ್ರೀಮ್ ಕಡ್ಡಿಗಳನ್ನು ಹತ್ತು ಹತ್ತರಂತೆ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿಸಿದೆ. 52 ಎಂದರೆ ಐದು ಕಟ್ಟು, ಎರಡು ಬಿಡಿ. ‘ಏಳು ಕಡ್ಡಿ ಕೊಡು’ ಎಂದೆ. ಎರಡೇ ಇವೆ ಎಂದು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಒಂದು ಕಟ್ಟು ಬಿಚ್ಚಿದಳು. ಈಗ ನಾಲ್ಕು ಕಟ್ಟು, ಹನ್ನೆರಡು ಬಿಡಿ. ಏಳು ಕೊಟ್ಟಳು, ಎರಡು ಕಟ್ಟು ಕೊಟ್ಟಳು, ಉಳಿದದ್ದು 25. ‘ಪಪ್ಪಾ, ಇದು ಸಾಲ ಅಲ್ಲ, ಚಿಲ್ರೆ ಮಾಡಿಸಿದಂಗ’ ಎಂದಳು. ಮೊದಲೂ 52 ಇತ್ತು, ಬಿಚ್ಚಿದ ಮೇಲೂ 52 ಇದೆ. ಸಾಲ ಎಂಬ ಮಾತು ಮುಚ್ಚಿಡುವುದು ಇದನ್ನೇ.

ಬಿಚ್ಚಲು ಬರುತ್ತದೆ ಎಂಬುದೇ ಕಡ್ಡಿಯ ಗುಣ. ಹುಣಸೆ ಬೀಜ ಎಣಿಸಲು ಚೆನ್ನ, ಆದರೆ ಹತ್ತು ಬೀಜ ಸೇರಿ ‘ಒಂದು ಹತ್ತು’ ಆಗುವುದಿಲ್ಲ, ಗುಡ್ಡೆಯಾಗಿಯೇ ಉಳಿಯುತ್ತವೆ. ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಹತ್ತರ ಪಟ್ಟಿಯನ್ನು ಬಿಡಿಸಲಾಗದು, ಕೊಟ್ಟು ಹತ್ತು ಬಿಡಿ ತುಂಡು ಪಡೆಯಬೇಕು. ಅದು ಎರಡನೇ ಮೆಟ್ಟಿಲು. 10 ರೂಪಾಯಿ ನೋಟು ಮೂರನೆಯದು, ಏಕೆಂದರೆ ಅದು ಒಂದು ರೂಪಾಯಿಗಿಂತ ಹತ್ತು ಪಟ್ಟು ದೊಡ್ಡದಾಗಿ ಕಾಣುವುದಿಲ್ಲ, ನಂಬಬೇಕು. ಕ್ರೈಸ್ತ ಮನೆಶಾಲೆಗಳಿಗೆಂದೇ ಅಮೆರಿಕದಿಂದ ಬರುವ ಗಣಿತ ಪುಸ್ತಕಗಳಲ್ಲಿ ಪೆನ್ನಿ, ಡೈಮ್ ಚಿತ್ರಗಳಿರುತ್ತವೆ. ಹತ್ತು ಸೆಂಟಿನ ಡೈಮ್ ಒಂದು ಸೆಂಟಿನ ಪೆನ್ನಿಗಿಂತ ಚಿಕ್ಕದು! ಹುಬ್ಬಳ್ಳಿಯ ಅಜ್ಜಿ ಕೊಟ್ಟ ಕಾಸನ್ನು ಡಬ್ಬಿಯಲ್ಲಿ ಹಾಕಿಡುವ ಮಗುವಿಗೆ ಆ ಪಾಠ ಏಕೆ? ಆ ಪುಟಗಳನ್ನು ನಾವು ಬಿಟ್ಟೇಬಿಟ್ಟೆವು.

ಇನ್ನೊಂದು ಸಾಧನ ದುಡ್ಡಿಲ್ಲದೆ ಸಿಕ್ಕಿತು, ನಮ್ಮ ಭಾಷೆ. ಮಗಳು ಸೊಸೈಟಿಯ ಮಕ್ಕಳ ಜೊತೆ ಮರಾಠಿಯಲ್ಲಿ ಎಣಿಸುತ್ತಾಳೆ. ಅಲ್ಲಿ 21 ‘ಏಕವೀಸ’, ಬಿಡಿ ಮೊದಲು, ಹತ್ತು ಆಮೇಲೆ; 29 ‘ಏಕೋಣತೀಸ’, ಮೂವತ್ತಕ್ಕೆ ಒಂದು ಕಡಿಮೆ. 2019ರಲ್ಲಿ ಮಹಾರಾಷ್ಟ್ರದ ಎರಡನೇ ತರಗತಿ ಗಣಿತ ಪುಸ್ತಕದಲ್ಲಿ ‘ವೀಸ ಏಕ’ ಎಂಬ ಕ್ರಮವನ್ನೂ ಕೊಟ್ಟಾಗ ಇಲ್ಲಿ ದೊಡ್ಡ ಚರ್ಚೆಯೇ ಆಯಿತು. ನಮ್ಮ ‘ಇಪ್ಪತ್ತೊಂದು’ ಬರೆಯುವ ಕ್ರಮದಲ್ಲೇ ಬಾಯಿಗೆ ಬರುತ್ತದೆ: ಎರಡು ಕಟ್ಟು, ಒಂದು ಬಿಡಿ. ಆದ್ದರಿಂದ ಕಡ್ಡಿ ಹಿಡಿದಾಗ ಮನೆಯಲ್ಲಿ ಲೆಕ್ಕವೆಲ್ಲ ಕನ್ನಡದಲ್ಲೇ. ಮಕ್ಕಳನ್ನು ಶಾಲೆಗೆ ಕಳಿಸುವ ನೀವೂ ಸಂಜೆ ಹತ್ತು ನಿಮಿಷ ಇದನ್ನು ಮಾಡಿ ನೋಡಬಹುದು.

ಕಡ್ಡಿಯ ಮೇಲೆ ಪ್ರೀತಿ ಹೆಚ್ಚಾದರೆ ಅದೂ ತೊಂದರೆ. ಪರೀಕ್ಷೆಯ ಮೇಜಿನ ಮೇಲೆ ಕಡ್ಡಿ ಇರುವುದಿಲ್ಲ. ಅಮೆರಿಕದ ಮನೋವಿಜ್ಞಾನಿ ಜೆರೋಮ್ ಬ್ರೂನರ್ ಹೇಳಿದ ದಾರಿ ನಮಗೆ ಒಗ್ಗಿತು: ಮೊದಲು ಕೈ, ಆಮೇಲೆ ಚಿತ್ರ, ಆಮೇಲೆ ಸಂಕೇತ. ಮೂರು ವಾರದ ನಂತರ ಡಬ್ಬಿ ಕಪಾಟು ಸೇರಿತು. ಕಟ್ಟಿಗೆ ಒಂದು ಗೀಟು, ಬಿಡಿಗೆ ಒಂದು ಚುಕ್ಕೆ ಬರೆದಳು. ಅದಾದ ಮೇಲೆ ಬರೀ ಅಂಕಿ. 302ರಲ್ಲಿ 158 ಕೊಟ್ಟಾಗ ನಡುವಿನ ಸೊನ್ನೆ ನೋಡಿ ಡಬ್ಬಿ ಕೇಳಿದಳು. ಕೊಟ್ಟೆ. ನೂರರ ಕಟ್ಟು ಬಿಚ್ಚಿ ಹತ್ತು ಹತ್ತುಗಳು, ಅದರಲ್ಲೊಂದನ್ನು ಬಿಚ್ಚಿ ಹತ್ತು ಬಿಡಿಗಳು; ಎರಡು ನೂರು, ಒಂಬತ್ತು ಹತ್ತು, ಹನ್ನೆರಡು ಬಿಡಿ. ಉತ್ತರ 144. ಆ ಸೊನ್ನೆ ಒಂಬತ್ತಾಗುವುದು ಏಕೆ ಎಂದು ನನಗೆ ಶಾಲೆಯಲ್ಲಿ ಯಾರೂ ತೋರಿಸಿರಲಿಲ್ಲ.

ಎಲ್ಲ ಲೆಕ್ಕಕ್ಕೂ ಬೈಬಲ್ ಕಥೆ ಅಂಟಿಸುವುದು ನನಗೆ ಹಿಡಿಸದು. ಒಂದು ಮಾತ್ರ ತಾನಾಗಿ ಬಂತು. ಐದು ರೊಟ್ಟಿ, ಎರಡು ಮೀನಿನ ಕಥೆಯಲ್ಲಿ ಐದು ಸಾವಿರ ಗಂಡಸರು ನೂರು, ಐವತ್ತರ ಸಾಲುಗಳಲ್ಲಿ ಕೂರುತ್ತಾರೆ. ಐವತ್ತರವೇ ಆದರೆ ಎಷ್ಟು ಸಾಲು ಎಂದು ಅವಳೇ ಕೇಳಿದಳು. ನೂರು ಎಂದು ಅವಳೇ ಹೇಳಿದಳು, ಕಡ್ಡಿ ಮುಟ್ಟದೆ.

ಈಗ ಭಿನ್ನರಾಶಿ ಶುರುವಾಗಿದೆ. ಜೋಳದ ರೊಟ್ಟಿ ಮುರಿದು ಅರ್ಧ, ಕಾಲು ತೋರಿಸುವುದು ಸುಲಭ. ಮೂರರಲ್ಲಿ ಒಂದು ಭಾಗಕ್ಕೆ ರೊಟ್ಟಿ ಒಗ್ಗುವುದಿಲ್ಲ, ಕಾಗದದ ಪಟ್ಟಿಯನ್ನೇ ಮಡಿಸಬೇಕಾಗಿದೆ.