ಜನರ ಸಿಟ್ಟು ಮತ್ತು ಮತಪೆಟ್ಟಿಗೆ: ಅಮೆರಿಕದ ‘ಚಹಾ ಕೂಟ’ದ ಲಾಭನಷ್ಟ

ನಮ್ಮ ಕಡೆ ಚಹಾ ಕೂಟವೆಂದರೆ ನಿವೃತ್ತರಾಗುವ ಅಧ್ಯಾಪಕರಿಗೆ ಸಹೋದ್ಯೋಗಿಗಳು ಏರ್ಪಡಿಸುವ ಉಪ್ಪಿಟ್ಟು-ಚಹಾದ ಸರಳ ಸಮಾರಂಭ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಾದರೋ ಈ ಹೆಸರಿಗೆ ಬಂಡಾಯದ ಅರ್ಥವಿದೆ. 1773ರ ಡಿಸೆಂಬರ್ 16ರ ರಾತ್ರಿ ಬಾಸ್ಟನ್ ಬಂದರಿನಲ್ಲಿ ವಸಾಹತಿನ ಜನರು ಈಸ್ಟ್ ಇಂಡಿಯಾ ಕಂಪೆನಿಯ 342 ಪೆಟ್ಟಿಗೆ ಚಹಾವನ್ನು ಕಡಲಿಗೆ ಸುರಿದು, ತಮ್ಮ ಪ್ರತಿನಿಧಿಗಳಿಲ್ಲದ ಪಾರ್ಲಿಮೆಂಟು ಹೇರಿದ ತೆರಿಗೆಯನ್ನು ಧಿಕ್ಕರಿಸಿದರು. 1799ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ ಗೆದ್ದದ್ದು ಇದೇ ಕಂಪೆನಿ.

ಈ ಹಳೆಯ ಹೆಸರು 2009ರಲ್ಲಿ ಮತ್ತೆ ಜೀವ ತಳೆಯಿತು. ಹಿಂದಿನ ವರ್ಷ ಅಲ್ಲಿನ ದೊಡ್ಡ ಬ್ಯಾಂಕುಗಳು ಕುಸಿದಾಗ ಸರಕಾರವು ಜನರ ತೆರಿಗೆ ಹಣದಿಂದ ಅವುಗಳನ್ನು ಎತ್ತಿ ನಿಲ್ಲಿಸಿತ್ತು. ಬಳಿಕ ಅಧ್ಯಕ್ಷ ಒಬಾಮಾ ಅವರು ಗೃಹಸಾಲ ತೀರಿಸಲಾರದವರಿಗೂ ನೆರವು ಘೋಷಿಸಿದರು. ಫೆಬ್ರವರಿ 19ರಂದು ಶಿಕಾಗೋದ ಮಾರುಕಟ್ಟೆಯಿಂದ ರಿಕ್ ಸ್ಯಾಂಟೆಲ್ಲಿ ಎಂಬ ದೂರದರ್ಶನ ವರದಿಗಾರರು ಇದನ್ನು ಖಂಡಿಸಿ ಹೊಸದೊಂದು ‘ಟೀ ಪಾರ್ಟಿ’ಗೆ ಕರೆ ಕೊಟ್ಟರು. ತೆರಿಗೆಯ ಲೆಕ್ಕ ಸಲ್ಲಿಸುವ ಕೊನೆಯ ದಿನವಾದ ಏಪ್ರಿಲ್ 15ರಂದು ನೂರಾರು ಊರುಗಳಲ್ಲಿ ಸಭೆಗಳು ನೆರೆದವು. ತೆರಿಗೆ ಇಳಿಯಲಿ, ಸಾಲ ತಗ್ಗಲಿ, ಕೇಂದ್ರ ಸರಕಾರದ ಅಧಿಕಾರ ಕುಗ್ಗಲಿ ಎಂಬುದು ಅವರ ಬೇಡಿಕೆ. ಚಳವಳಿಗೆ ಒಬ್ಬ ನಾಯಕನಿರಲಿಲ್ಲ. ಊರೂರಿನ ಗುಂಪುಗಳಿದ್ದವು, ಅವುಗಳ ಬೆನ್ನಿಗೆ ಹಣವುಳ್ಳ ಸಂಘಟನೆಗಳೂ ಇದ್ದವು. ಸಂಪ್ರದಾಯನಿಷ್ಠ ರಿಪಬ್ಲಿಕನ್ ಪಕ್ಷವೇ ಅವರ ಸಹಜ ಆಶ್ರಯವಾಯಿತು.

ಇಂಥ ಚಳವಳಿಯಿಂದ ಪಕ್ಷಕ್ಕೆ ಚುನಾವಣೆಯಲ್ಲಿ ಲಾಭವೋ ನಷ್ಟವೋ? ಉತ್ತರವನ್ನು ಅರಿಯಲು ಅಲ್ಲಿನ ಒಂದು ಪದ್ಧತಿಯನ್ನು ಮೊದಲು ತಿಳಿಯಬೇಕು. ನಮ್ಮಲ್ಲಿ ಪಕ್ಷದ ಟಿಕೆಟನ್ನು ವರಿಷ್ಠರು ಹಂಚುತ್ತಾರೆ. ಅಲ್ಲಿ ‘ಪ್ರೈಮರಿ’ ಎಂಬ ಪ್ರಾಥಮಿಕ ಚುನಾವಣೆಯಲ್ಲಿ ಸಾಮಾನ್ಯ ಮತದಾರರೇ ಪಕ್ಷದ ಉಮೇದುವಾರನನ್ನು ಆರಿಸುತ್ತಾರೆ. ಆದರೆ ಈ ಮೊದಲ ಸುತ್ತಿಗೆ ಬರುವವರು ಸ್ವಲ್ಪ ಜನ. ಬರುವವರಲ್ಲಿ ಹೆಚ್ಚಿನವರು ತೀವ್ರ ಅಭಿಪ್ರಾಯದವರು. ಆದ್ದರಿಂದ ಸಿಟ್ಟಿಗೆದ್ದ ಒಂದು ಸಣ್ಣ ಗುಂಪು ಇಲ್ಲಿ ತನ್ನ ಸಂಖ್ಯೆಗೆ ಮೀರಿದ ಬಲವನ್ನು ಪಡೆಯುತ್ತದೆ.

ಲಾಭದ ಪುಟವನ್ನು ಮೊದಲು ನೋಡೋಣ. 2010ರ ನವೆಂಬರ್ 2ರ ಚುನಾವಣೆಯಲ್ಲಿ ರಿಪಬ್ಲಿಕನ್ನರು ಪ್ರತಿನಿಧಿ ಸಭೆಯಲ್ಲಿ 63 ಸ್ಥಾನಗಳನ್ನು ಹೆಚ್ಚಿಸಿಕೊಂಡು, ಒಟ್ಟು 435ರಲ್ಲಿ 242ನ್ನು ಗಳಿಸಿ ಬಹುಮತ ಪಡೆದರು. ಇದೆಲ್ಲವೂ ಚಹಾ ಕೂಟದ ಸಾಧನೆಯೆನ್ನಲಾಗದು. ಆಗ ನಿರುದ್ಯೋಗ ಶೇಕಡಾ 9ನ್ನು ಮೀರಿತ್ತು; ಅಧ್ಯಕ್ಷರ ಅವಧಿಯ ನಡುವೆ ಬರುವ ಚುನಾವಣೆಯಲ್ಲಿ ಅವರ ಪಕ್ಷ ಹಿನ್ನಡೆ ಕಾಣುವುದೂ ಅಲ್ಲಿ ವಾಡಿಕೆ. ಹಾಗಾದರೆ ಚಳವಳಿಯ ಪಾಲೆಷ್ಟು? ಕೆಲವು ಅರ್ಥಶಾಸ್ತ್ರಜ್ಞರು ಇದನ್ನಳೆಯಲು ಮಳೆಯ ಮೊರೆ ಹೊಕ್ಕರು. 2009ರ ಏಪ್ರಿಲ್ 15ರಂದು ಕೆಲವೆಡೆ ಮಳೆ ಸುರಿದು ಸಭೆಗೆ ಜನ ಕಡಿಮೆಯಾದರು. ಬೇರೆಡೆ ಬಿಸಿಲಿದ್ದು ಜನ ಹೆಚ್ಚು ಸೇರಿದರು. ಮಳೆಗೆ ಪಕ್ಷಭೇದವಿಲ್ಲವಷ್ಟೆ! ಎರಡೂ ಬಗೆಯ ಊರುಗಳನ್ನು ಹೋಲಿಸಿದಾಗ, ಮಳೆಯಿಲ್ಲದ ಕಡೆ ಮರುವರ್ಷ ರಿಪಬ್ಲಿಕನ್ ಮತಗಳು ಹೆಚ್ಚಿದ್ದವು. ಬಯಲಲ್ಲಿ ಒಂದು ದಿನ ಜೊತೆಗೂಡಿದವರು ಮನೆಗೆ ಹೋಗಿ ಸುಮ್ಮನೆ ಕೂಡಲಿಲ್ಲ. ನೆರೆಹೊರೆಯವರನ್ನೂ ಮತಗಟ್ಟೆಗೆ ಕರೆತಂದರು.

ಇನ್ನು ನಷ್ಟದ ಪುಟ. ಡೆಲಾವೇರ್ ಎಂಬ ಪುಟ್ಟ ರಾಜ್ಯದಲ್ಲಿ ಮೈಕ್ ಕ್ಯಾಸಲ್ ಎಂಬ ಮಾಜಿ ಗವರ್ನರರು, ಎಲ್ಲರಿಗೂ ಬೇಕಾದ ಮಧ್ಯಮಮಾರ್ಗಿ, ಸೆನೆಟ್ ಸ್ಥಾನಕ್ಕೆ ರಿಪಬ್ಲಿಕನ್ ಉಮೇದುವಾರಿಕೆ ಬಯಸಿದ್ದರು. ಚಹಾ ಕೂಟದ ಬೆಂಬಲ ಪಡೆದ ಕ್ರಿಸ್ಟೀನ್ ಓ’ಡೊನೆಲ್ ಪ್ರೈಮರಿಯಲ್ಲಿ ಸುಮಾರು 30 ಸಾವಿರ ಮತ ಗಳಿಸಿ, 27 ಸಾವಿರ ಪಡೆದ ಅವರನ್ನು ಸೋಲಿಸಿದರು. ನವೆಂಬರಿನಲ್ಲಿ ಸುಮಾರು 3 ಲಕ್ಷ ಜನ ಮತ ಹಾಕಿದಾಗ ಆಕೆಗೆ ಬಂದದ್ದು 1 ಲಕ್ಷ 23 ಸಾವಿರ. ಡೆಮೊಕ್ರಾಟಿಕ್ ಎದುರಾಳಿ ಕ್ರಿಸ್ ಕೂನ್ಸ್ ಅವರಿಗೆ 1 ಲಕ್ಷ 74 ಸಾವಿರ. ನೆವಾಡಾ, ಕೊಲರಾಡೋಗಳಲ್ಲಿಯೂ ಚಳವಳಿಯ ಉಮೇದುವಾರರು ಸೋತರು. ಸೆನೆಟಿನಲ್ಲಿ ಪಕ್ಷ 47ಕ್ಕೇ ನಿಂತಿತು. ಈ ಮೂರೂ ದಕ್ಕಿದ್ದರೆ ಸಮಬಲವಾಗುತ್ತಿತ್ತು. 2012ರಲ್ಲಿ ಇಂಡಿಯಾನಾದ ಜನ 36 ವರ್ಷ ಸೆನೆಟಿನಲ್ಲಿದ್ದ ರಿಚರ್ಡ್ ಲೂಗರ್ ಅವರನ್ನು ಪ್ರೈಮರಿಯಲ್ಲಿ ಇಳಿಸಿ ರಿಚರ್ಡ್ ಮರ್ಡಾಕ್ ಅವರನ್ನು ನಿಲ್ಲಿಸಿದರು. ಅತ್ಯಾಚಾರದಿಂದಾದ ಗರ್ಭದ ಕುರಿತು ಅವರಾಡಿದ ಮಾತು ಮತದಾರರನ್ನು ನೋಯಿಸಿತು. ಗೆಲ್ಲಬಹುದಾಗಿದ್ದ ಸ್ಥಾನ ಕೈತಪ್ಪಿತು.

ಆದರೂ ಕೆಂಟಕಿಯಲ್ಲಿ ರ‍್ಯಾಂಡ್ ಪಾಲ್, ಯೂಟಾದಲ್ಲಿ ಮೈಕ್ ಲೀ, 2012ರಲ್ಲಿ ಟೆಕ್ಸಾಸಿನಲ್ಲಿ ಟೆಡ್ ಕ್ರೂಜ್ ನಿರಾಯಾಸವಾಗಿ ಗೆದ್ದರು. ಹದವಾದ ಕಪ್ಪು ನೆಲದಲ್ಲಿ ಬೆಳೆಯುವ ಬೀಜ ಕಲ್ಲುನೆಲದಲ್ಲಿ ಬೆಳೆಯದು. ಪಕ್ಷದ ಬುಡ ಭದ್ರವಾಗಿರುವ ರಾಜ್ಯದಲ್ಲಿ ಉಗ್ರವಾಣಿ ಸಲ್ಲುತ್ತದೆ, ಮತಗಳು ಸರಿಸಮನಾಗಿ ಹಂಚಿಹೋದ ರಾಜ್ಯದಲ್ಲಿ ಅದೇ ವಾಣಿ ನಡುವಿನ ಮತದಾರರನ್ನು ಓಡಿಸುತ್ತದೆ. ಪ್ರತಿನಿಧಿ ಸಭೆಯಲ್ಲಿ ಈ ನಷ್ಟ ಅಷ್ಟಾಗಿ ಕಾಣಲಿಲ್ಲ. 2010ರ ಗೆಲುವಿನಿಂದ ಅನೇಕ ರಾಜ್ಯಗಳ ಶಾಸನಸಭೆಗಳು ಕೈಸೇರಿ, ಕ್ಷೇತ್ರಗಳ ಗಡಿಯನ್ನು ಗೆರೆಯೆಳೆಯುವ ಅವಕಾಶ ರಿಪಬ್ಲಿಕನ್ನರಿಗೆ ದೊರಕಿತ್ತು. 2012ರಲ್ಲಿ ಡೆಮೊಕ್ರಾಟರಿಗೆ ದೇಶದಾದ್ಯಂತ ಹತ್ತು ಲಕ್ಷಕ್ಕೂ ಮಿಕ್ಕಿ ಹೆಚ್ಚು ಮತ ಬಂದರೂ 234 ಸ್ಥಾನಗಳು ರಿಪಬ್ಲಿಕನ್ನರ ಪಾಲಾದವು.

ಗೆದ್ದವರನ್ನೂ ಪ್ರೈಮರಿಯ ಭಯ ಬಿಡಲಿಲ್ಲ. ಆರೋಗ್ಯ ಕಾನೂನಿಗೆ ಹಣ ನಿಲ್ಲಿಸಬೇಕೆಂಬ ಹಟದಿಂದ 2013ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರದ ಕಚೇರಿಗಳು 16 ದಿನ ಮುಚ್ಚಿ, ಸುಮಾರು 8 ಲಕ್ಷ ನೌಕರರು ಮನೆಯಲ್ಲಿ ಕುಳಿತರು. ತಿಂಗಳ ಸಂಬಳವನ್ನೇ ನಂಬಿದ ಸಂಸಾರಗಳಿಗೆ ಅದೆಂಥ ದಿನಗಳೆಂದು ವಾಚಕರು ಊಹಿಸಬಲ್ಲರು. ಇದಕ್ಕಾಗಿ ಮತದಾರರು ಪಕ್ಷವನ್ನು ದಂಡಿಸುವರೆಂದು ಹಲವರು ನಂಬಿದ್ದರು. ಆದರೆ ಮರುವರ್ಷ ಅದೇ ಪಕ್ಷ ಸೆನೆಟಿನಲ್ಲಿಯೂ ಬಹುಮತ ಗಳಿಸಿತು. ಅದೇ 2014ರಲ್ಲಿ ಸಭೆಯ ಬಹುಮತ ನಾಯಕ ಎರಿಕ್ ಕ್ಯಾಂಟರ್ ತಮ್ಮ ಪಕ್ಷದ ಪ್ರೈಮರಿಯಲ್ಲಿ, ಹೆಸರೇ ಕೇಳದಿದ್ದ ಪ್ರಾಧ್ಯಾಪಕ ಡೇವ್ ಬ್ರ್ಯಾಟ್ ಅವರಿಗೆ ಸೋತರು. 2016ರಲ್ಲಿ ಆ ಸಿಟ್ಟಿನ ಬಹುಭಾಗ ಡೊನಾಲ್ಡ್ ಟ್ರಂಪ್ ಅವರತ್ತ ಹರಿಯಿತು. ಸರಕಾರದ ಸಾಲ ಇಳಿಸಬೇಕೆಂಬ ಮೂಲ ಬೇಡಿಕೆ ಮಾತ್ರ ಹಿಂದೆ ಸರಿಯಿತು. ಸಾಲ ಏರುತ್ತಲೇ ಹೋಯಿತು.

ಲಾಭನಷ್ಟಗಳನ್ನು ಕೂಡಿಸಿ ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಚಳವಳಿಯು ಪಕ್ಷಕ್ಕೆ ಕಾಲಾಳುಗಳನ್ನು ಕೊಡುತ್ತದೆ, ಉತ್ಸಾಹವನ್ನು ಕೊಡುತ್ತದೆ. ಪ್ರತಿಯಾಗಿ ಯಾರು ನಿಲ್ಲಬೇಕೆಂಬ ನಿರ್ಣಯವನ್ನು ಕಸಿದುಕೊಳ್ಳುತ್ತದೆ. ಡೆಲಾವೇರಿನಲ್ಲಿ 30 ಸಾವಿರ ಜನ ನಿರ್ಣಯಿಸಿದ್ದನ್ನು 3 ಲಕ್ಷ ಜನ ಒಪ್ಪಲಿಲ್ಲ. ಆದರೆ ಆ ಹೊತ್ತಿಗೆ ಬಹುಜನರಿಗೆ ಬೇಕಾಗಿದ್ದ ಕ್ಯಾಸಲ್ ಅವರ ಹೆಸರು ಮತಪತ್ರದಲ್ಲಿಯೇ ಇರಲಿಲ್ಲ. ಕೊನೆಯ ದಿನ ಮಾತ್ರ ಮತಗಟ್ಟೆಗೆ ಹೋಗುವ ಮತದಾರನು ಇತರರು ಬಡಿಸಿಟ್ಟ ಎಲೆಯ ಮುಂದೆ ಕೂಡಬೇಕಾಗುತ್ತದೆ. ಅಡುಗೆ ಏನಾಗಬೇಕೆಂದು ಹೇಳುವ ಹಕ್ಕು ಬೇಕಾದರೆ ಒಲೆ ಹೊತ್ತಿಸುವ ಹೊತ್ತಿಗೇ ಅಲ್ಲಿರಬೇಕು.